ನಲವತ್ತನಾಲ್ಕು ಕೇಜಿಯ ಗಾಯಾಳು

ಉಮಾಶಂಕರ್ ಮೇಷ್ಟ್ರು ಹಗ್ಗ ಎಳೆದರು. ಮಡಿಸಿ ಮೇಲೇರಿಸಿದ್ದ ಸ್ಕೌಟ್ ಧ್ವಜ ಬಿಚ್ಚಿಕೊಂಡು ಹಾರಬೇಕಿತ್ತು. ಅದು ಇಡೀ ಗಂಟಾಗಿಯೇ ಕೆಳಗಿಳಿದು ಅವರ ಬೋಳುತಲೆಯ ಮೇಲೆ ಕೂತಿತು. ಸೆಲ್ಯೂಟ್ ಹೊಡೆದು ನಿಂತಿದ್ದ ಮೂವತ್ತೆಂಟು ಜನ, ಎಲ್ಲರೂ ಮಕ್ಕಳಿಗೆ ಮದುವೆ ಮಾಡುವ ವಯಸ್ಸಿನವರು, ಸ್ಕಾರ್ಫಿನೊಳಗೆ ಮೂತಿ ಇಟ್ಟು ಕಿಸಕ್ಕೆಂದರು.

"ಗಂಟು ಯಾರ್ರೀ ಹಾಕಿದ್ದು?" ಎಂದರು ತರಬೇತುದಾರ ಶ್ರೀನಿವಾಸಪ್ಪ.

"ನಾನೇ ಸಾರ್" ಎಂದರು ಮೇಷ್ಟ್ರು.

ನಗದೆ ಇದ್ದವರು ಒಬ್ಬರೇ, ಮುಳಬಾಗಿಲಿನಲ್ಲಿ ಹಾಸಿಗೆ ಹೊಲಿಯುವ ಅಬ್ದುಲ್ ರಜಾಕ್. ಬಂದು ಧ್ವಜ ಮಡಿಸಿ ಹೊಸ ಗಂಟು ಹಾಕಿಕೊಟ್ಟರು. ಮೇಷ್ಟ್ರು ಮತ್ತೆ ಎಳೆದರು, ಹೂವಿನ ಹಾಗೆ ಬಿಚ್ಚಿತು. ಚಪ್ಪಾಳೆ ಮೇಷ್ಟ್ರಿಗೆ ಬಿತ್ತು. ಅವರು ಕೈಮುಗಿದು ತೆಗೆದುಕೊಂಡೂ ಬಿಟ್ಟರು.

ಕ್ಯಾಲನೂರು ಕಡೆಯ ಆ ಮೈದಾನಕ್ಕೆ, ಏಳು ದಿನದ ಸ್ಕೌಟ್ ಮಾಸ್ಟರ್ ತರಬೇತಿಗೆ, ರಜಾಕ್ ಬಂದದ್ದು ನಾಲ್ಕನೇ ಸಲ. ಓಣಿಯ ಹನ್ನೊಂದು ಹುಡುಗರನ್ನು ಸೇರಿಸಿ ಅಂಗಡಿ ಹಿಂದಿನ ಬಯಲಲ್ಲಿ ದಳ ಕಟ್ಟಿದ್ದರು. ಈ ಸಲವೂ ಸರ್ಟಿಫಿಕೇಟ್ ಸಿಗದಿದ್ದರೆ ದಳದ ನೋಂದಣಿ ರದ್ದು ಎಂದು ಕಾಗದ ಬಂದಿತ್ತು. ಅವರಿಗೆ ಬರದ ವಿದ್ಯೆ ಯಾವುದೂ ಇರಲಿಲ್ಲ. ತೂಕ ಇರಲಿಲ್ಲ, ಅಷ್ಟೇ. ಹತ್ತಿಯ ನಡುವೆ ಬದುಕಿ ಹತ್ತಿಯೇ ಆಗಿಹೋದ ನಲವತ್ತನಾಲ್ಕು ಕೇಜಿಯ ಆಳು. ಪ್ರಥಮ ಚಿಕಿತ್ಸೆಯ ಪಾಠ ಶುರುವಾದರೆ ಸಾಕು, "ರಜಾಕ್ ಭಾಯ್, ನೀವು ಮಲಗಿ" ಅನ್ನುತ್ತಿದ್ದರು. ಎಲ್ಲರೂ ಅವರಿಗೆ ಬ್ಯಾಂಡೇಜ್ ಸುತ್ತಿ ಪಾಸಾಗುತ್ತಿದ್ದರು. ಅದನ್ನೆಲ್ಲ ಬಿಚ್ಚಿಕೊಂಡು ಅವರು ಏಳುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತಿತ್ತು. 'ಅಭ್ಯರ್ಥಿ ಏನನ್ನೂ ಮಾಡಿ ತೋರಿಸಿಲ್ಲ' ಎಂದು ಮೂರು ವರ್ಷವೂ ಷರಾ.

"ಈ ಸಲ ನಾನೂ ಕಟ್ತೀನಿ ಸಾರ್" ಎಂದರು ಆರನೇ ದಿನ.

"ಕಟ್ಟೋರಂತೆ, ನಾಳೆ ಬೆಳಿಗ್ಗೆ ಮೊದಲು ನಿಮ್ದೇ. ಈಗ ಸ್ಟ್ರೆಚರ್ ಓಟ ಒಂದು ಮುಗೀಲಿ. ನಿಮಗೆ ಪ್ರಜ್ಞೆ ಇಲ್ಲ, ತಿಳೀತಾ? ಬಾಯಿ ಬಿಟ್ರೆ ಐದು ಮಾರ್ಕ್ಸ್ ಕಟ್."

ಎರಡು ದೊಣ್ಣೆಗೆ ಕಂಬಳಿ ಬಿಗಿದು ತಮ್ಮ ತಂಡಕ್ಕೆ ಸ್ಟ್ರೆಚರ್ ಮಾಡಿದವರು ಉಮಾಶಂಕರ್ ಮೇಷ್ಟ್ರು. ರಜಾಕ್ ಮಲಗುತ್ತಾ ಗಂಟನ್ನೊಮ್ಮೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸೀಟಿ ಕೂಗಿತು, ಪ್ರಜ್ಞೆ ತಪ್ಪಿತು.

ಗುರಿ ಇನ್ನು ಇಪ್ಪತ್ತು ಹೆಜ್ಜೆ ಇದೆ ಅನ್ನುವಾಗ ಗಂಟು ಜಾರಿತು. ರಜಾಕ್ ಕಲ್ಲಿನ ಮೇಲೆ ಬಿದ್ದರು. ಲಟಕ್ ಅಂದಿತು. ಅವರು ಏನೂ ಅನ್ನಲಿಲ್ಲ. ಮುಚ್ಚಿದ ಕಣ್ಣಿಂದ ನೀರು ಮಾತ್ರ ಕಿವಿಯ ಕಡೆ ಹರಿಯಿತು.

"ಅಬ್ಬಬ್ಬಾ, ಏಮಿ ಯಾಕ್ಟಿಂಗ್ ರಾ!" ಎಂದು ತರಬೇತಿಗೆ ಬಂದಿದ್ದ ಶ್ರೀನಿವಾಸಪುರದ ಕದಿರೇಶ್ ತೆಲುಗಿನಲ್ಲಿ ಕೂಗಿದ. ಮೈದಾನವೆಲ್ಲ ಚಪ್ಪಾಳೆ.

ಮೇಷ್ಟ್ರಿಗೆ ಕಂಡಿತು: ಬಲಗೈ ಅಂಗೈ ತಿರುಗಬಾರದ ಕಡೆ ತಿರುಗಿತ್ತು. ಆದರೆ ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರು ಯಾವುದರಲ್ಲೂ ಮೊದಲು ಬಂದವರಲ್ಲ. "ಎತ್ರೀ, ಎತ್ರೀ!" ಎಂದರು. ಕೈಕಾಲು ಹಿಡಿದು, ಆ ಕೈಯನ್ನೂ ಹಿಡಿದು, ಎತ್ತಿಕೊಂಡು ಓಡಿದರು. ಮೊದಲು ಬಂದರು. ಶ್ರೀನಿವಾಸಪ್ಪ ಮಾರ್ಕ್ಸ್ ಬರೆದು, ರಿಬ್ಬನ್ ಚುಚ್ಚಿದ ಮೇಲೆ ಮೇಷ್ಟ್ರು ಮೆಲ್ಲಗೆ, "ಸಾರ್, ರಜಾಕ್ ಭಾಯ್ ಕೈ ಸ್ವಲ್ಪ ನೋಡ್ತೀರಾ" ಎಂದರು.

ಕೋಲಾರದ ಆಸ್ಪತ್ರೆಯಲ್ಲಿ ಭುಜದಿಂದ ಬೆರಳವರೆಗೆ ಪ್ಲಾಸ್ಟರ್ ಹಾಕಿದರು. ಮರುದಿನ ಮೇಷ್ಟ್ರು ಹಾಸಿಗೆ ಪಕ್ಕ ಕೂತಿದ್ದಾಗ ಶ್ರೀನಿವಾಸಪ್ಪ ಕಿತ್ತಳೆ ಹಣ್ಣು ಹಿಡಿದು ಬಂದರು.

"ರೂಲ್ಸ್ ನಂದಲ್ಲ ಭಾಯ್. ಎರಡೂ ಕೈಯಲ್ಲಿ ಕಟ್ಟಿ ತೋರಿಸ್ಬೇಕು. ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷಕ್ಕೆ ದಳ ಇರುವುದಿಲ್ಲವೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಶ್ರೀನಿವಾಸಪ್ಪ ಒಂದು ಹಣ್ಣು ಸುಲಿದು, ತಾವೇ ತಿಂದು, ಹೊರಟರು.

ಉಮಾಶಂಕರ್ ಮೇಷ್ಟ್ರಿಗೆ ಆಗ ನೆನಪಾಯಿತು, ಎದೆಯ ಮೇಲೆ ರಿಬ್ಬನ್ ಇನ್ನೂ ಇದೆ. ಅಂಗೈಯಿಂದ ಮುಚ್ಚಿಕೊಂಡರು.

"ಅಲ್ಲ ಭಾಯ್, ಬಿದ್ದ ತಕ್ಷಣ ಒಂದ್ಸಲ ಕೂಗ್ಬಾರ್ದಿತ್ತಾ?"

ಹೊಲಿಗೆ ಪರೀಕ್ಷಿಸುವವರ ಹಾಗೆ ಪ್ಲಾಸ್ಟರನ್ನೇ ನೋಡುತ್ತಿದ್ದ ರಜಾಕ್ ತಲೆ ಎತ್ತದೆ ಹೇಳಿದರು:

"ಐದು ಮಾರ್ಕ್ಸ್ ಹೋಗ್ತಿತ್ತಲ್ಲ ಮೇಷ್ಟ್ರೇ."