ಹುರಿದ ಬೀಜದ ಉಂಡೆಗಳು

ಆಗೆಲ್ಲ ಬೇಸಿಗೆ ರಜೆಗೆ ಅದರದೇ ವಾಸನೆ ಇರುತ್ತಿತ್ತು. ಸಂಡೇ ಸ್ಕೂಲಿಗೆ ಹೋಗಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ: ಹೊಸ ಬಣ್ಣದ ಪೆನ್ಸಿಲ್, ಗ್ಲುಕೋಸ್ ಬಿಸ್ಕತ್ತು, ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಕಲಸಿದ ಕಿತ್ತಳೆ ಬಣ್ಣದ ಶರಬತ್ತು. ನಾನು ಐದನೆಯ ತರಗತಿ ಮುಗಿಸಿದ ವರ್ಷದ ರಜೆ ಮಾತ್ರ ಸಗಣಿಯ ವಾಸನೆಯಾಗಿ ಉಳಿದಿದೆ. ಹಸಿ ಸಗಣಿಯದಲ್ಲ, ಅದು ಕೆಟ್ಟ ವಾಸನೆಯೇನಲ್ಲ. ಮುಚ್ಚಿದ ಕೋಣೆಯಲ್ಲಿ ಬೂಷ್ಟು ಹಿಡಿದ ಸಗಣಿಯದು.

ಆ ವರ್ಷ ಬೆಟಗೇರಿಯ ನಮ್ಮ ಚರ್ಚಿನ ಸಭೆಯವರು ಪರಿಸರದ ಕೆಲಸ ಶುರುಮಾಡಿದ್ದರು. ಮಕ್ಕಳು ರಜೆಯಲ್ಲಿ ಬೀಜದುಂಡೆ ಕಟ್ಟುವುದು, ಮಳೆ ಬಿದ್ದ ಮೇಲೆ ಇಡೀ ಸಭೆ ಬಸ್ಸು ಮಾಡಿಕೊಂಡು ಡೋಣಿಯ ಹತ್ತಿರ ಕಪ್ಪತಗುಡ್ಡಕ್ಕೆ ಹೋಗಿ ಅವನ್ನು ಎಸೆದು, ಉಂಡು ಬರುವುದು. ಸಂಡೇ ಸ್ಕೂಲಿನ ಕರುಣಾ ಅಕ್ಕೋರು ಮಣ್ಣಿಗೆ ಸಗಣಿ ಕಲಸಿ, ನಡುವೆ ಬೀಜವಿಟ್ಟು ಉಂಡೆ ಮಾಡಿ ತೋರಿಸಿದರು.

"ಮಳಿ ಬಿದ್ದ ಕೂಡಲೇ ಇದು ಕರಗಿ, ಬೀಜ ತಾನ ಮೊಳಕಿ ಒಡಿತೈತಿ. ಮುಂದ ನಿಮ್ಮ ಮಕ್ಕಳನ್ನ ಕರಕೊಂಡು ಹೋಗಿ, ಇದು ನನ್ನ ಗಿಡ ಅಂತ ತೋರಸ್ರಿ" ಎಂದರು.

ನಾನು ಅದನ್ನು ಅಕ್ಷರಶಃ ನಂಬಿದೆ. ನಮ್ಮದು ಮಗ್ಗಗಳ ಸದ್ದು ತುಂಬಿದ ಕಿರಿದಾದ ಓಣಿ. ಬಾಗಿಲು ತೆರೆದರೆ ಎದುರು ಮನೆಯ ಗೋಡೆ. ಹೂವಿನ ಕುಂಡ ಇಟ್ಟರೂ ಯಾರದೋ ಸೈಕಲ್ಲಿಗೆ ತಾಗಿ ಒಡೆಯುತ್ತಿತ್ತು. ನನಗೊಂದು ಗಿಡ ಬೇಕಾಗಿತ್ತು. ನನ್ನ ಉಂಡೆಗಳಿಗೆಲ್ಲ ಕಡ್ಡಿಯಿಂದ ಒಂದು ಗೀರು ಹಾಕಿ ಗುರುತು ಮಾಡಿದ್ದೆ.

ಬೀಜ ಕೊಟ್ಟವರು ಸಭೆಯ ಹಿರಿಯರಾದ ಸಮಾಧಾನಪ್ಪನವರು. ಅವರ ಬೀಗರದು ಹುಣಸೆಬೀಜದ ಗಿರಣಿ. ಅಲ್ಲಿ ಬೀಜ ಹುರಿದು, ಸಿಪ್ಪೆ ತೆಗೆದು, ನೂಲಿಗೆ ಹಾಕುವ ಗಂಜಿಗೆ ಪುಡಿ ಮಾಡುತ್ತಿದ್ದರು. ಒಂದು ಭಾನುವಾರ ಅಲ್ಲಿಂದ ಬಂದ ಚೀಲವನ್ನು ಪೀಠದ ಮುಂದೆ ಇಟ್ಟರು, ಸಭಾಪಾಲಕರು ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಪೀಠದ ಮುಂದೆ ಬಂದದ್ದರ ಬಗ್ಗೆ ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಸುಗ್ಗಿ ಹಬ್ಬಕ್ಕೆ ಯಾರು ಏನೇ ತರಲಿ, ಜೋಳದ ತೆನೆಯಿರಲಿ, ಕೋಳಿಯಿರಲಿ, ಅದನ್ನು ಚೆನ್ನಾಗಿಲ್ಲ ಎನ್ನುವಂತಿರಲಿಲ್ಲ. ಕುಂಬಳಕಾಯಿ ತಳ ಕೊಳೆತು ಸೋರುತ್ತಿದ್ದರೂ ಮೂಗು ಮುಚ್ಚುವಂತಿರಲಿಲ್ಲ. "ದೇವರ ಮುಂದ ಇಟ್ಟದ್ದಕ್ಕ ಹೆಸರಿಡಬಾರದು" ಎನ್ನುತ್ತಿದ್ದರು. ಬಡವರ ಕಾಣಿಕೆಗೆ ಅವಮಾನ ಆಗಬಾರದೆಂದು ಹುಟ್ಟಿದ ಮಾತಿರಬೇಕು. ಆಗ ನನಗೂ ಒಳ್ಳೆಯ ಮಾತೆನಿಸಿತ್ತು.

ಉಂಡೆ ಕಟ್ಟಲು ಕೂತ ಎರಡನೆಯ ದಿನವೋ ಮೂರನೆಯ ದಿನವೋ, ಪಕ್ಕದಲ್ಲಿದ್ದ ಗೆಳತಿ ಮಾರ್ಥಾ ಕಟಕಟ ಅಗಿಯುವ ಸದ್ದು ಕೇಳಿಸಿತು.

"ಏನ ತಿನ್ನಾಕತ್ತಿ?"

"ಹುಣಸಿಬೀಜ. ಹುರದಾವಲೇ! ತಗೋ."

"ಥೂ, ಸಗಣಿ ಕೈಲೆ ತಿಂತಿಯಲ್ಲ!"

"ಸಗಣಿ ಅಂದ್ರ ಆಕಳ ತಿಂದ ಹುಲ್ಲ ಅಲ್ಲೇನ? ಭಾಳ ಮಡಿ ಮಾಡಬ್ಯಾಡ" ಎಂದು ಇನ್ನೊಂದನ್ನು ಬಾಯಿಗೆ ಎಸೆದುಕೊಂಡಳು.

ನಾನು ಕೈ ತೊಳೆದು ಬಂದು ಚೀಲದಿಂದ ಒಂದು ಬೀಜ ಆರಿಸಿ ಕಚ್ಚಿದೆ. ಹಸಿ ಹುಣಸೆಬೀಜವನ್ನು ಹಲ್ಲಿನಿಂದ ಒಡೆಯಲು ಆಗುವುದಿಲ್ಲ. ಇದು ಸಿಡಿದು ಎರಡಾಯಿತು. ಒಳಗೆ ಕಂದು ಬಣ್ಣ, ಸುಟ್ಟ ರುಚಿ. ಗಿರಣಿಯವರು ಹುರಿದು, ಇನ್ನೂ ಸಿಪ್ಪೆ ತೆಗೆಯದ ಚೀಲವನ್ನು ಕಳಿಸಿಬಿಟ್ಟಿದ್ದರು. ಇನ್ನೂ ನಾಲ್ಕಾರು ಕಚ್ಚಿ ನೋಡಿದೆ. ಎಲ್ಲವೂ ಹಾಗೆಯೇ.

ಅಕ್ಕೋರ ಬಳಿ ಒಯ್ದೆ. ಅವರು ಒಡೆದ ಬೀಜ ಮೂಸಿದರು. ಮುಖ ಸಣ್ಣದಾಯಿತು. ಆಮೇಲೆ ಅದನ್ನು ನನ್ನ ಅಂಗೈಗೇ ವಾಪಸು ಹಾಕಿ, "ಪ್ರಾರ್ಥನಾ ಮಾಡಿ ಕೊಟ್ಟದ್ದವಾ ಇದು. ಸುಮ್ನ ಉಂಡಿ ಕಟ್ಟ ಹೋಗು" ಎಂದರು.

ಪಪ್ಪನಿಗೆ ಹೇಳಿದರಾಯಿತೆಂದು ನಾನು ನಿಶ್ಚಿಂತಳಾದೆ. ಪಪ್ಪ ಸಭೆಯ ಕಾರ್ಯದರ್ಶಿ. ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದರು. ರೈತರು ಮೋಟಾರು ಹೊತ್ತು ತಂದರೆ, ಬಿಚ್ಚಿ ನೋಡಿ ಮುಖಕ್ಕೆ ಹೇಳುತ್ತಿದ್ದರು: "ಇದು ಹೋಗೇತ್ರಿ. ನಾ ಕಟ್ಟಿಕೊಟ್ರ ಎಂಟು ದಿನಾ ಓಡತೈತಿ, ಆಮ್ಯಾಲ ನನ್ನ ಬೈತೀರಿ. ಒಯ್ಯಿರಿ." ಗಿರಾಕಿ ಹೋದರೂ ಸರಿ, ಸುಳ್ಳು ಹೇಳುತ್ತಿರಲಿಲ್ಲ. ನನ್ನ ಪಾಲಿಗೆ ಜಗತ್ತಿನಲ್ಲಿ ಒಂದು ವಸ್ತು ಕೆಟ್ಟಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಪಪ್ಪ.

ಅಂಗಡಿಯಲ್ಲೇ ಬೀಜ ಕೊಟ್ಟೆ. ಕಚ್ಚಿದರು, ಅಗಿದರು.

"ಹುರದದ್ದು."

"ಹಂಗಾರ ಹುಟ್ಟೂದಿಲ್ಲಲ್ಲ ಪಪ್ಪಾ?"

"ಹೆಂಗ ಹುಟ್ತಾವ?"

"ನೀ ಹೇಳ್ತಿ?"

"ಹೇಳ್ತೀನಿ. ಕಮಿಟಿಯೊಳಗ ಹೇಳ್ತೀನಿ."

ಮುಂದಿನ ಭಾನುವಾರ ಕಮಿಟಿ ಮುಗಿಸಿ ಪಪ್ಪ ತಡವಾಗಿ ಊಟಕ್ಕೆ ಬಂದರು. ನಾನು ತಟ್ಟೆಯ ಪಕ್ಕದಲ್ಲೇ ಕೂತಿದ್ದೆ.

"ಏನಂದ್ರು?"

"ಸಮಾಧಾನಪ್ಪನವರು ಹಿರೇ ಮನಶ್ಯಾರು. ಮನಸಿಗೆ ಹಚ್ಕೋತಾರ ಅಂದ್ರು ಎಲ್ಲಾರೂ."

"ಬ್ಯಾರೆ ಬೀಜ ಹಾಕೂದಿಲ್ಲ?"

"ಉಂಡಿ ಎಲ್ಲಾ ಆಗ್ಯಾವಲ್ಲವಾ. ಬ್ಯಾನರ್ ಆಗೇತಿ, ಬಸ್ ಹೇಳೇವಿ. ಬಿಡು."

ರೊಟ್ಟಿ ಬಡಿಯುತ್ತಿದ್ದ ಅವ್ವ ತಿರುಗಿಯೂ ನೋಡದೆ, "ಗುಡ್ಡಕ್ಕ ಹೋಗಿ ಬಿರ್ಯಾನಿ ಉಂಡು ಬರಾಕ ಬೀಜ ಯಾಕ್ರಿ ಬೇಕು? ಹಂಗ ಹೋಗಿ ಬರ್ರೆಲ್ಲ" ಎಂದಳು. ಪಪ್ಪ ನಕ್ಕರು. ನಾನು ನಗಲಿಲ್ಲ.

ಉಂಡೆಗಳನ್ನು ಸರಿಯಾಗಿ ಒಣಗಿಸದೆ ಸಂಡೇ ಸ್ಕೂಲಿನ ಕೋಣೆಯಲ್ಲಿ ರಾಶಿ ಹಾಕಿದ್ದರು. ಜೂನ್‌ನಲ್ಲಿ ಬಾಗಿಲು ತೆಗೆದಾಗ ವಾಸನೆ ಗಂಟಲಿಗೆ ಬಡಿಯಿತು. ಉಂಡೆಗಳ ಮೇಲೆ ಹತ್ತಿಯಂಥ ಬಿಳಿ ಬೂಷ್ಟು, ರಾಶಿಯ ತಳದಲ್ಲಿ ಮಿಸುಕಾಡುವ ಹುಳ. ಹೆಣ್ಣುಮಕ್ಕಳೆಲ್ಲ ಕರ್ಚೀಫಿನಿಂದ ಮೂಗು ಕಟ್ಟಿಕೊಂಡು ಬುಟ್ಟಿ ತುಂಬಿದೆವು.

"ಏ, ನಿನ್ನ ಗಿಡಕ್ಕ ಈಗs ಕೂದಲಾ ಬಂದಾವ ನೋಡ!" ಎಂದು ಮಾರ್ಥಾ ನನ್ನ ಗೀರಿನ ಉಂಡೆಯೊಂದನ್ನು ಎತ್ತಿ ತೋರಿಸಿದಳು.

ಗುಡ್ಡ ಮಾತ್ರ ಅಂದು ಬಹಳ ಚೆಲುವಾಗಿತ್ತು. ಹಿಂದಿನ ದಿನ ಮಳೆಯಾಗಿತ್ತು. ಕೆಂಪು ಮಣ್ಣು ಮೆತ್ತಗಿತ್ತು, ಹೊಸ ಹುಲ್ಲು ಕಿತ್ತರೆ ಬೆರಳಿಗೆ ಪರಿಮಳ ಅಂಟುತ್ತಿತ್ತು. ಮೇಲೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಫ್ಯಾನುಗಳು ನಿಧಾನ ತಿರುಗುತ್ತಿದ್ದವು. ಇಂಥ ನೆಲಕ್ಕೆ ಈ ಹುಳಬಿದ್ದ ಬುಟ್ಟಿಗಳನ್ನು ತಂದಿದ್ದೆವು. ಎರಡು ಜಾಲಿಗಿಡಗಳ ನಡುವೆ ಬ್ಯಾನರ್ ಕಟ್ಟಿದರು. ಸಮಾಧಾನಪ್ಪನವರಿಗೆ ಶಾಲು ಹೊದಿಸಿದರು. ಆಮೇಲೆ ಪಪ್ಪ ಮೈಕು ಹಿಡಿದರು. ಈಗಲೂ ಅವರು ಹೇಳುತ್ತಾರೆಂದೇ ನಾನು ಕಾದಿದ್ದೆ.

"ಇವತ್ತು ನಮ್ಮ ಮಕ್ಕಳು ಒಗಿಯೂ ಒಂದೊಂದು ಉಂಡಿಯೊಳಗೂ ಒಂದೊಂದು ಗಿಡ ಐತಿ" ಎಂದರು ಪಪ್ಪ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕೋರೂ ತಟ್ಟಿದರು. ಕಮಿಟಿಯ ಎಲ್ಲರಿಗೂ ಗೊತ್ತಿತ್ತು, ಬೀಜ ತಿಂದಿದ್ದ ಎಲ್ಲ ಮಕ್ಕಳಿಗೂ ಗೊತ್ತಿತ್ತು.

ಫೋಟೋ ತೆಗೆಯುವಾಗ ಪಪ್ಪ ನನ್ನನ್ನು ಮುಂದೆ ಕರೆದು, ಅಂಗೈಯಲ್ಲಿ ಒಂದು ಉಂಡೆ ಇಟ್ಟರು. ನಾನು ಕೈ ಎತ್ತಲಿಲ್ಲ.

"ಒಗಿಯವಾ. ಎಲ್ಲಾರೂ ನೋಡಾಕತ್ತಾರ."

"ಹುರದಾವಲ್ಲ ಪಪ್ಪಾ" ಎಂದೆ, ಅವರಿಗಷ್ಟೇ ಕೇಳುವಂತೆ.

ಪಪ್ಪ ಕ್ಯಾಮೆರಾ ನೋಡುತ್ತ ನಗುತ್ತಲೇ ಇದ್ದರು. ತುಟಿ ಅಲುಗಿಸದೆ ಹೇಳಿದರು: "ಗೊತ್ತೈತಿ. ಒಗಿ."

ನನ್ನ ಮುಷ್ಟಿಯ ಮೇಲೆ ತಮ್ಮ ಕೈ ಇಟ್ಟು ಎತ್ತಿದರು. ಒತ್ತಡಕ್ಕೆ ಉಂಡೆ ಪುಡಿಯಾಯಿತು. ಬೆರಳ ಸಂದಿಯಲ್ಲಿ ತಣ್ಣಗೆ ಏನೋ ಹರಿದಾಡಿತು. ಪಪ್ಪನ ಕೈ ಬೆಚ್ಚಗೆ ಬೆವೆತಿತ್ತು. ನನಗೆ ಅಸಹ್ಯವಾದದ್ದು ಆ ಹುಳವಲ್ಲ, ಆ ಬೆವರು. ಕೈ ಕಿತ್ತುಕೊಂಡು ಹುಲ್ಲಿನ ಮೇಲೆ ಒರೆಸಿದೆ, ಮತ್ತೆ ಮತ್ತೆ ಒರೆಸಿದೆ. ಊಟದ ಹೊತ್ತಿಗೆ ಬಿರ್ಯಾನಿಯ ಥರ್ಮೋಕೋಲ್ ತಟ್ಟೆಗಳು ಗಾಳಿಗೆ ಹಾರಿ ಜಾಲಿಯ ಮುಳ್ಳಿಗೆಲ್ಲ ಸಿಕ್ಕಿಕೊಂಡವು. ಯಾರೂ ಅವನ್ನು ಬಿಡಿಸಲಿಲ್ಲ. ನಾನು ಉಣ್ಣಲಿಲ್ಲ. ಬಸ್ಸಿನಲ್ಲಿ ಪಪ್ಪ ಪಕ್ಕದ ಸೀಟು ತೋರಿಸಿದರು, ನಾನು ಅವ್ವನ ಬಳಿ ಹೋಗಿ ಕೂತೆ. ಮುಂದೆ ಅಂಗಡಿಯಲ್ಲಿ ಅವರು ಯಾರಿಗೋ "ಇದು ಹೋಗೇತ್ರಿ" ಎನ್ನುವುದು ಕೇಳಿದಾಗಲೆಲ್ಲ, ಖರೆ ಇರಬಹುದೇ ಎಂದು ಒಂದು ಗಳಿಗೆ ಅನುಮಾನ ಬರುತ್ತಿತ್ತು. ಮೊದಲು ಹಾಗೆ ಬರುತ್ತಿರಲಿಲ್ಲ.

ಧಾರವಾಡದಲ್ಲಿ ಓದು ಮುಗಿಸಿ ಊರಿಗೆ ಬಂದಿದ್ದಾಗ, ಕಳೆದ ಮಳೆಗಾಲ, ಸಭೆಯವರು ಮತ್ತೆ ಗುಡ್ಡಕ್ಕೆ ಹೊರಟರು. ಪಪ್ಪ ಬಹಳ ಕರೆದದ್ದಕ್ಕೆ ಹೋದೆ. ಡೋಣಿಗೆ ಹೋಗುವ ರಸ್ತೆಯ ಬದಿಯಲ್ಲಿ ಬಸ್ಸು ನಿಲ್ಲಿಸಿ, ಸಂಡೇ ಸ್ಕೂಲಿನ ಈಗಿನ ಮಕ್ಕಳನ್ನು ಪಪ್ಪ ಒಂದು ಸಾಲು ಹುಣಸೆಮರಗಳ ಕೆಳಗೆ ಕರೆದೊಯ್ದರು.

"ಇವೆಲ್ಲಾ ನಮ್ಮ ಸಭಾದ ಹುಡುಗೂರು ಒಗದ ಬೀಜಾ. ಬೇಕಾದ್ರ ಈ ಅಕ್ಕನ್ನ ಕೇಳ್ರಿ, ಈಕೀನೂ ಒಗದಾಳ."

ಒಂದು ಮರದ ಬುಡವನ್ನು ಇಬ್ಬರು ಮಕ್ಕಳು ಕೈಜೋಡಿಸಿ ತಬ್ಬಿದ್ದರು, ಅವರ ಕೈಗಳು ಅರ್ಧಕ್ಕೂ ತಲುಪಿರಲಿಲ್ಲ. ಪಪ್ಪನಿಗಿಂತ ಹಿರಿಯ ಮರಗಳು ಅವು. ನಾನು ಪಪ್ಪನ ಮುಖ ನೋಡಿದೆ. ಅಂದಿನ ಫೋಟೋದ ಆ ಬಿಗಿದ ನಗುವನ್ನು ಹುಡುಕಿದೆ. ಇರಲಿಲ್ಲ. ಕಣ್ಣು ತುಂಬ ಹೆಮ್ಮೆಯಿತ್ತು. ಇಷ್ಟು ವರ್ಷ ಹೇಳುತ್ತ ಹೇಳುತ್ತ ಅವರು ಅದನ್ನು ನಂಬಿಬಿಟ್ಟಿದ್ದರು. ಅಂದು ನನ್ನ ಕೈ ಹಿಡಿದಿದ್ದ ಪಪ್ಪನಿಗೆ ತಾವು ಏನು ಮಾಡುತ್ತಿದ್ದೇವೆಂದಾದರೂ ಗೊತ್ತಿತ್ತು. ಅವರ ಮೇಲೆ ಸಿಟ್ಟಾಗಬಹುದಿತ್ತು. ಈಗ ಸಿಟ್ಟಾಗಲೂ ಯಾರೂ ಉಳಿದಿರಲಿಲ್ಲ.

"ಹೌದೇನ್ರಿ ಅಕ್ಕಾ?" ಎಂದು ಒಬ್ಬಳು ಹುಡುಗಿ ಕೇಳಿದಳು.

"ಇಲ್ಲ. ಆ ಬೀಜ ಹುರದಿದ್ದುವು. ಒಂದೂ ಹುಟ್ಟಲಿಲ್ಲ."

ಪಪ್ಪ ತಲೆ ಹಿಂದಕ್ಕೆ ಹಾಕಿ ಜೋರಾಗಿ ನಕ್ಕರು. "ನೋಡ್ರಿ, ಹುರದ ಬೀಜ ಅಂತ! ಸಣ್ಣಾಕಿ ಇದ್ದಾಗಿಂದ ಈಕಿ ಚ್ಯಾಷ್ಟಿ ಹಿಂಗ."

ಮಕ್ಕಳೂ ನಕ್ಕರು. ಕೇಳಿದ ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕಳು.