ಮೂರನೇ ಮೆಟ್ಟಿಲಿನ ಬೆಳಕು

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ, ಎಳೆದು ನೋಡಿ, ಸಡಿಲವಿದ್ದದ್ದನ್ನು ಪಕ್ಕಕ್ಕೆ ಹಾಕುವುದು ಅವಳ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಗುಂಡಿಯಕ್ಕ. ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದಮೇಲೂ ಆ ಹೆಬ್ಬೆರಳಿಗೆ ಬಿಡುವಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ಆಡಿ ಬಿಸಾಕಿದ್ದ ಬೂದು ಬಣ್ಣದ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಒಂದು ಅಟ್ಟದಲ್ಲಿ ಸಿಕ್ಕಿತ್ತು. ಸೆಲ್ಲಿನ ಮುಚ್ಚಳ ಕಳೆದುಹೋಗಿ, ಈಗ ಅಲ್ಲೊಂದು ರಬ್ಬರ್ ಬ್ಯಾಂಡ್. ಪರದೆಯಲ್ಲಿ ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ತಿರುಗಿಸಿ ಸಾಲು ತುಂಬಿಸಬೇಕು. ತುಂಬಿದ ಸಾಲು ಮಾಯ. ಹೊಸ ಮೊಬೈಲ್ ಇದ್ದರೂ ಅವಳಿಗೆ ಇದೇ ಬೇಕು. ಮೊಬೈಲಿನ ಆಟ ನಡುನಡುವೆ ಅದು ಕೊಳ್ಳು ಇದು ಕೊಳ್ಳು ಎಂದು ಪ್ರಾಣ ತಿನ್ನುತ್ತದೆ. ಇದು ತನ್ನ ಪಾಡಿಗೆ ತಾನು ಇಟ್ಟಿಗೆ ಉದುರಿಸುತ್ತದೆ.

ಒಂದೇ ಕೊರತೆಯೆಂದರೆ, ಆ ಕಾಲದ ಪರದೆಗೆ ಸ್ವಂತ ಬೆಳಕಿಲ್ಲ. ಕೋಣೆಯೊಳಗೆ ಹಿಡಿದರೆ ಏನೂ ಕಾಣದು. ದೀಪದ ಕೆಳಗೆ ಹಿಡಿದರೆ ಗಾಜಿನಲ್ಲಿ ಬರೀ ದೀಪದ ಹೊಳಪೇ ಕಾಣುತ್ತದೆ. ಸಂಜೆಯ ಬಿಸಿಲು ಬೇಕಾದ ಹಾಗೆ ಓರೆಯಾಗಿ ಬೀಳುವುದು ಹೊರಗಿನ ಮೂರನೇ ಮೆಟ್ಟಿಲಿನ ಮೇಲೆ ಮಾತ್ರ. ಆ ಮೆಟ್ಟಿಲು ಹತ್ತಿ ಹೋದರೆ ಸಿಗುವುದು ವಾರಗಿತ್ತಿಯ ಮನೆ.

ಗಂಡನ ಅಣ್ಣನ ಹೆಂಡತಿಯಾದ ಅವಳೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅತ್ತೆ ಹಾಸಿಗೆ ಹಿಡಿದಾಗ ನಿದ್ದೆಗೆಟ್ಟು ಮಗ್ಗುಲು ಬದಲಿಸಿ, ಮೈ ಒರೆಸಿದವಳು ಗುಂಡಿಯಕ್ಕ. ಅತ್ತೆ ಹೋದಮೇಲೆ ನೆಂಟರೆದುರು "ಎಲ್ಲಾ ನಾನೇ ನೋಡ್ಕೊಂಡೆ" ಎಂದವಳು ದೊಡ್ಡವಳು. ಪಕ್ಕದಲ್ಲೇ ನೀರಿನ ಲೋಟ ಹಿಡಿದು ನಿಂತಿದ್ದ ಗುಂಡಿಯಕ್ಕ ಅಂದಿನಿಂದ ಅವಳ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ಗಂಡಂದಿರು ಮಾತ್ರ ಒಟ್ಟಿಗೆ ಕೂತು ಕ್ರಿಕೆಟ್ ನೋಡುತ್ತಿದ್ದರು; ಅವರಿಗೇನು, ಗಂಡಸರು. ಗುಂಡಿಯಕ್ಕನಿಗೆ ಬೇಕಿದ್ದದ್ದು ಆ ಮಾತಾಡಿದ ಬಾಯಿಂದಲೇ ನಿಜ ಹೊರಬರುವುದು. ಅದು ಬರುವ ತನಕ ಇಷ್ಟೇ: ದೊಡ್ಡವಳು ಒಣಗಿದ ಬಟ್ಟೆ ತೆಗೆಯಲು ಇಳಿದು ಬಂದರೆ, ತಲೆ ಎತ್ತದೆ ಮಂಡಿ ಸರಿಸಿ ದಾರಿ ಬಿಡುವುದು.

ಒಂದು ಸಂಜೆ ಆಟ ಭರ್ಜರಿಯಾಗಿ ನಡೆದಿತ್ತು. ಇಟ್ಟಿಗೆಗಳು ದಡದಡ ಬೀಳುತ್ತಿದ್ದಾಗ ಪರದೆ ಇದ್ದಕ್ಕಿದ್ದಂತೆ ಮಂಕಾಯಿತು. ಯೋಚಿಸುವಷ್ಟು ಪುರುಸೊತ್ತಿರಲಿಲ್ಲ.

"ಅಕ್ಕ, ಬೆಳಕಿಗೆ ಅಡ್ಡ ನಿಂತಿದೀರಿ."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಇಷ್ಟು ವರ್ಷ ಜೋಪಾನ ಮಾಡಿದ ಬಿಗುಮಾನ ಒಂದು ಇಟ್ಟಿಗೆಯ ಪಾಲಾಗಿತ್ತು. ದೊಡ್ಡವಳು ಬಕೆಟ್ ಕೆಳಗಿಟ್ಟು, ಪಕ್ಕಕ್ಕೆ ಸರಿದು, ನಾಲ್ಕನೇ ಮೆಟ್ಟಿಲಲ್ಲಿ ಕೂತಳು. ಎಷ್ಟು ದಿನದಿಂದ ಕದ್ದು ನೋಡುತ್ತಿದ್ದಳೋ, ಉದ್ದದ ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಿಡೆಂದು ಸಲಹೆಯನ್ನೂ ಕೊಟ್ಟಳು. ಸಲಹೆ ಸರಿಯಾಗಿತ್ತು. ಗುಂಡಿಯಕ್ಕನಿಗೆ ಅದೇ ಇನ್ನಷ್ಟು ಉರಿ.

ಮರುದಿನದಿಂದ ಸರದಿ ಶುರುವಾಯಿತು. ಒಬ್ಬಳು ಸೋತರೆ ಆಟ ಇನ್ನೊಬ್ಬಳ ಕೈಗೆ. ದೊಡ್ಡವಳು ಇಟ್ಟಿಗೆ ಸರಿಸುವಾಗ ತಾನೂ ಆ ಕಡೆಗೇ ವಾಲುವಳು. ಇಬ್ಬರೂ ನಕ್ಕರು ಕೂಡ. ಊರ ಮಾತೆಲ್ಲ ಬಂತು, ಬರಬೇಕಾದ ಮಾತು ಮಾತ್ರ ಬರಲಿಲ್ಲ. ನೀರಿನ ಲೋಟ ಹಿಡಿದು ನಿಂತ ನೋವು ಗುಂಡಿಯಕ್ಕನ ಎದೆಯಲ್ಲಿ ಹಾಗೇ ಇತ್ತು.

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಒಂದು ಸಂಜೆ ಇಬ್ಬರೂ ಆಡುತ್ತಿದ್ದಾಗ ಮೆಟ್ಟಿಲ ಬಳಿಗೇ ಹೊಸ ಪರದೆ ತಂದಳು. ಇಂಥ ಹಳೇ ಯಂತ್ರಗಳಿಗೆಂದೇ ಈಗ ಬೆಳಕಿರುವ ಪರದೆ ಸಿಗುತ್ತದಂತೆ. ಹಾಕಿಬಿಟ್ಟರೆ ಅಮ್ಮ ಮಂಚದ ಮೇಲೆ ಮಲಗಿಕೊಂಡೇ ಆಡಬಹುದಂತೆ. ಗುಂಡಿಯಕ್ಕನಿಗೆ ಆಸೆಯಾಗದೆ ಇರಲಿಲ್ಲ. ಕಲ್ಲಿನ ಮೆಟ್ಟಿಲಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು.

"ಹಾಕಿಸ್ಕೋ," ಎಂದಳು ದೊಡ್ಡವಳು, ಬಕೆಟ್ ಎತ್ತಿಕೊಂಡು. "ಇನ್ನು ನೀನು ಒಳಗೇ ಕೂತು ಆಡ್ಬಹುದು."

ಹೇಳುವಾಗ ಅವಳ ದನಿ ಬಿದ್ದುಹೋಗಿತ್ತು. ಗುಂಡಿಯಕ್ಕ ಪರದೆಯನ್ನು ಮಗಳ ಕೈಗೇ ವಾಪಸು ಕೊಟ್ಟಳು.

"ಬೇಡ ಬಿಡು. ಒಳಗೆ ಕೂತ್ರೆ ಯಾರ ಜೊತೆ ಆಡ್ಲಿ?"

ಮಗಳು ಗೊಣಗುತ್ತಾ ಒಳಗೆ ಹೋದಳು. ದೊಡ್ಡವಳು ಎತ್ತಿದ್ದ ಬಕೆಟ್ ಮತ್ತೆ ಕೆಳಗಿಟ್ಟಳು.

"ಅತ್ತೇನ ನೋಡ್ಕೊಂಡಿದ್ದು ನೀನು," ಎಂದಳು. "ನಾನು ಒಂದಿನಾನೂ ಕೆಳಗೆ ಬಂದು ಕೂರಲಿಲ್ಲ. ಆ ನಾಚಿಕೆಗೇ ಎಲ್ಲರ ಮುಂದೆ ಸುಳ್ಳು ಹೇಳಿದೆ."

ಗುಂಡಿಯಕ್ಕನ ಕಣ್ಣು ತುಂಬಿ ಬಂತು. ಈ ಗಳಿಗೆಗೆಂದೇ ಕೂಡಿಟ್ಟಿದ್ದ ಬೈಗುಳಗಳಲ್ಲಿ ಒಂದೂ ನೆನಪಾಗಲಿಲ್ಲ. ಅವಳು ಮಂಡಿ ಸರಿಸಿದಳು, ಈ ಸಲ ದಾರಿ ಬಿಡಲು ಅಲ್ಲ. ಮೂರನೇ ಮೆಟ್ಟಿಲಲ್ಲೇ ಇನ್ನೊಬ್ಬರು ಕೂರುವಷ್ಟು ಜಾಗವಾಯಿತು.

"ಬನ್ನಿ ಅಕ್ಕ," ಎಂದಳು. "ಬೆಳಕು ಹೋಗೋ ಮುಂಚೆ ಒಂದಾಟ ಆಡಿ."