ಇಳಿಜಾರಿನಲ್ಲಿ ಉಕ್ಕಿದ ಹಾಲು

ಬಾಗಲಕೋಟೆಯಲ್ಲಿ ಕೊಂಡ ಹಳೆಯ ಮೋಟಾರು ವ್ಯಾನಿನೊಳಗೆ ಮಂಚವಿದೆ, ಸ್ಟೋವ್ ಕೂಡ ಇದೆ. ಬ್ರೇಕು ಸ್ವಲ್ಪ ಸಡಿಲ ಎಂದಿದ್ದ ಮಾರಿದವನು. ಸ್ವಲ್ಪವೇ? ಇಳಕಲ್ಲಿನ ಮನೆಯತ್ತ ಜೀವ ಕೈಯಲ್ಲಿ ಹಿಡಿದು ಓಡಿಸುತ್ತಿದ್ದೆ. ಹುನಗುಂದ ದಾಟಿದ ಮೇಲೆ, ಹಿಂದೆ ಕೂತಿದ್ದ ಅವ್ವ ಕೂಗಿದಳು.

"ನಿಂದ್ರಸೋ! ಹೊಸಾ ಮನಿ, ಹಾಲು ಉಕ್ಕಸಬೇಕು."

"ಅವ್ವಾ, ಇದು ಮೋಟಾರು!"

"ಮಂಚ ಐತಿ, ಒಲಿ ಐತಿ, ಮನಿ ಅಲ್ಲದ ಮತ್ತೇನು? ಹಾಲು ಮೂಡಲಕ್ಕ ಉಕ್ಕಬೇಕು. ಗಾಡಿ ಆ ಕಡೆ ವಾಲಸಿ ನಿಂದ್ರಸು."

ಆ ಕಡೆ ಇಳಿಜಾರು, ಕೆಳಗೆ ಕೆರೆ. ಗಾಲಿಗೆ ಕಲ್ಲು ಕೊಟ್ಟು, ಬ್ರೇಕಿನ ಮೇಲೆ ಎರಡೂ ಕಾಲು ಊರಿ ಕೂತೆ. ತಂಬಿಗೆಯಲ್ಲಿ ತಂದಿದ್ದ ಹಾಲನ್ನು ಅವ್ವ ಸ್ಟೋವ್ ಮೇಲಿಟ್ಟಳು.

"ಉಕ್ಕಿತು! ಮೂಡಲಕ್ಕ!" ಎಂದಳು ಅವ್ವ.

ಕಲ್ಲು ಜಾರಿತು. ಮನೆಯೂ ಮೂಡಲಕ್ಕೆ ಹೊರಟಿತು.